ಮಾರ್ಪಾಡಾದ ಎಂಎಂ 540 ಜೀಪ್: ಮಾರಲು ಇಟ್ಟರೆ ಹೇಗೆ?

ಹಳೆಯ ಮಹೀಂದ್ರಾ ಎಂಎಂ 540 ಘಟ್ಟದ ತಪ್ಪಲಿನ ತೋಟದ ದಾರಿಗೆ ಇಂದಿಗೂ ಗಟ್ಟಿ ಗಾಡಿ. ಮಂಗಳೂರು, ಉಡುಪಿ ಕಡೆ ಇದಕ್ಕೆ ಗಿರಾಕಿಗಳಿದ್ದಾರೆ. ಆದರೆ ಮಾರ್ಪಾಡಿಗೆ ಸುರಿದ ದುಡ್ಡು ವಾಪಸ್ ಬರುವ ಮಾಲಲ್ಲ ಇದು.

ಮೊದಲ ತೊಡಕು ಎಂಜಿನ್. ಮೂಲದ 2112 ಸಿಸಿ ಪ್ಯೂಜೋ ಡೀಸೆಲ್ ತೆಗೆದು 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳಿವೆ. ಓಟ ಚೆನ್ನ, ಒಪ್ಪಿದೆ. ಆದರೆ ಹೊಸ ಎಂಜಿನ್ ನಂಬರ್ ನೋಂದಣಿ ಪತ್ರವಾದ ಆರ್‌ಸಿಗೆ ಏರದಿದ್ದರೆ ಮಾಲೀಕತ್ವದ ವರ್ಗಾವಣೆ ಅಲ್ಲೇ ಸಿಕ್ಕಿಬೀಳುತ್ತದೆ. 15 ವರ್ಷ ದಾಟಿದ ಆರ್‌ಸಿಯ 5 ವರ್ಷದ ನವೀಕರಣವೂ ಚಾಲ್ತಿಯಲ್ಲಿರಬೇಕು. ವರ್ಗಾವಣೆಯ ಫಾರಂ 29, 30ಕ್ಕೆ ನೀವೂ ಗಿರಾಕಿಯೂ ಸಹಿ ಹಾಕಿ ಸಲ್ಲಿಸದೆ ಕೀಲಿ ಕೊಡಬೇಡಿ. ಕೇರಳದ ಕಾಸರಗೋಡಿನ ಗಿರಾಕಿಯಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿಯೂ ಬೇಕು.

ಎರಡನೆಯದು ತುಕ್ಕು. ಕಡಲ ಉಪ್ಪುಗಾಳಿ ಮೊದಲು ತಿನ್ನುವುದು ಸ್ಪ್ರಿಂಗ್ ಹಿಡಿದಿಡುವ ಹ್ಯಾಂಗರ್ ಸುತ್ತಲಿನ ಚಾಸಿಸ್ (ಗಾಡಿಯ ಅಡಿಯ ಚೌಕಟ್ಟು), ಅದರ ಮೇಲೆ ಬಾಡಿ ಕೂರುವ ಮೌಂಟ್, ಫ್ಲೋರಿನ ಮೂಲೆ. ಮಾರುವ ಮುನ್ನ ಗಾಡಿಯ ಅಡಿಗೆ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿಸುವುದು ದೊಡ್ಡ ತಪ್ಪು; ತಿಳಿದವರು ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ, ಬಣ್ಣ ಕಂಡಷ್ಟೂ ಅನುಮಾನ ಜಾಸ್ತಿ. ತೊಳೆದು, ಬರಿಯ ಚಾಸಿಸ್‌ನ ಫೋಟೋ ತೋರಿಸಿ.

ಸಸ್ಪೆನ್ಷನ್ 4 ಇಂಚು ಎತ್ತರಿಸಿದ್ದರೆ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗಿ ಅದರ ತುದಿಯ ಕೀಲಾದ ಯು-ಜಾಯಿಂಟ್ ಬೇಗ ಸವೆಯುತ್ತದೆ, ವೇಗದಲ್ಲಿ ನಡುಕ ಬರುತ್ತದೆ. ಟೈರ್ ದೊಡ್ಡದಾದರೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಗಿರಾಕಿಗೆ ಮೊದಲೇ ಹೇಳಿ.

ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ), ದೊಡ್ಡ ಟೈರ್ ಬಿಚ್ಚಿ ಬೇರೆಯಾಗಿ ಮಾರುವುದೇ ಲೇಸು. ಮೂಲದ ರಿಮ್, ಬಂಪರ್ ಜೋಪಾನವಾಗಿ ಇಟ್ಟಿದ್ದರೆ ಗಾಡಿಯ ಜೊತೆಗೇ ಕೊಡಿ.