ಶಾಲೆಯ ಥೆರಪಿಯೋ, ಕಲಬುರಗಿಯ ಕ್ಲಿನಿಕ್ಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶಾಲೆಗೇ. ಇದು ತಿಳಿಯೋಕೆ 7 ತಿಂಗಳು ಹಿಡಿಯಿತು. ಬಸ್ ಚಾರ್ಜು ಬಿಟ್ಟು ಹತ್ತಿರ ಹತ್ತಿರ 20,000 ರೂಪಾಯಿ ಹೋಯಿತು.

ಮಗನಿಗೆ 8 ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಎರಡೂ ಕಾಲು ಬಿಗಿ, ತುದಿಗಾಲಲ್ಲಿ ನಡೆಯುತ್ತಾನೆ. ಕಲಬುರಗಿಯ ಒಂದು ಖಾಸಗಿ ಕ್ಲಿನಿಕ್ಕಿಗೆ ಫಿಸಿಯೋಥೆರಪಿಗೆ ಅಂತ ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು, ಸಲಕ್ಕೆ 350. ಹಿಡಿದು ನಡೆಯೋಕೆ ಕಂಬಿ, ದೊಡ್ಡ ಚೆಂಡು, ಎಸಿ. ನಮ್ಮ ಕಡೆಯ ಮೇ ತಿಂಗಳಲ್ಲಿ ಎಸಿ ಸಣ್ಣ ಮಾತಲ್ಲ! ಆದರೆ ಹುಡುಗ ಶಾಲೆಯಲ್ಲಿ ಹೇಗೆ ಕೂರುತ್ತಾನೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ತೊಂದರೆ ಇದ್ದದ್ದೇ ಅಲ್ಲಿ. ಬೆಂಚಿನ ಮೇಲೆ ಕೂತರೆ ಅವನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಮೆಲ್ಲಗೆ ಜಾರುತ್ತಿದ್ದ. ಜಾರಬಾರದು ಅಂತ ಎಡಗೈಯಲ್ಲಿ ಡೆಸ್ಕ್ ಗಟ್ಟಿ ಹಿಡಿಯುತ್ತಿದ್ದ. ಇನ್ನು ನೋಟ್‌ಬುಕ್ ಹಿಡಿಯೋರು ಯಾರು? ಅದು ಸರಿದು ಅಕ್ಷರ ಗೆರೆ ಬಿಟ್ಟು ಇಳಿಯುತ್ತಿತ್ತು. ಬರೆಯೋಕೆ ಸೋಮಾರಿ ಅಂತ ಸುಮ್ನೆ ಬೈದಿದ್ದೂ ಇದೆ.

ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಮೇಡಂ ಒಂದಿನ ಶಾಲೆಗೆ ಬಂದರು. ಹಿಂದೆ ನಿಂತು ಹತ್ತು ನಿಮಿಷ ನೋಡಿದರು. "ಅಕ್ಕಾ, ಕಾಲಿಗೇ ಆಸರಿಲ್ಲ ನೋಡ್ರಿ, ಕೈ ಹ್ಯಾಂಗ ಓಡಬೇಕು?" ಅಂದರು. ಶಾಲೆಯ ಹಿಂದೆ ಬಿದ್ದಿದ್ದ ಶಹಾಬಾದ್ ಕಲ್ಲಿನ ನಾಲ್ಕು ತುಂಡು ಅವನ ಕಾಲ ಕೆಳಗೆ ಒಂದರ ಮೇಲೊಂದು ಇಟ್ಟು ಗೋಣಿಚೀಲ ಸುತ್ತಿಸಿದರು. ಬರೀ ಕಲ್ಲಾದರೆ, ಪಾದ ನೆಟ್ಟಗಿಡೋಕೆ ಕಾಲಿಗೆ ಹಾಕುವ ಸ್ಪ್ಲಿಂಟ್ ಜಾರುತ್ತದೆ. ಪಾದ ಊರಿತು, ಬೆನ್ನು ನೆಟ್ಟಗಾಯಿತು, ಎಡಗೈ ಡೆಸ್ಕ್ ಬಿಟ್ಟು ಹಾಳೆಯ ಮೇಲೆ ಬಂತು. ಒಂದು ಪೈಸೆ ಖರ್ಚಿಲ್ಲ.

ಶಾಲೆಗಳಿಗೆ ನೆರವಾಗುವ ಶಿಕ್ಷಣ ಇಲಾಖೆಯ ಬ್ಲಾಕ್ ಕೇಂದ್ರ ಬಿಆರ್‌ಸಿಯಲ್ಲಿ ಫಿಸಿಯೋಥೆರಪಿಯೂ ಉಚಿತ. ಆದರೆ ನಮ್ಮಲ್ಲಿ ವಾರಕ್ಕೆ ಒಂದೇ ದಿನ, ಅವತ್ತು ರಜೆ ಬಿದ್ದರೆ ಆ ವಾರ ಖೋತಾ. ಕ್ಲಿನಿಕ್ ಒಂದು ಸಲವೂ ತಪ್ಪಿಸಲಿಲ್ಲ, ಇದರಲ್ಲಿ ಅವರೇ ಮೇಲು. ನಾನು ದಿನಾ ರೊಟ್ಟಿ ಬಡಿದಾದ ಮೇಲೆ ಹದಿನೈದು ನಿಮಿಷ ಅವನ ಕಾಲು ಚಾಚಿಸುತ್ತೇನೆ, ಹಾಗಾಗಿ ನಡೆಯುತ್ತದೆ. ಅಷ್ಟು ಪುರುಸೊತ್ತಿಲ್ಲದವರಿಗೆ ಕ್ಲಿನಿಕ್ಕೇ ವಾಸಿ.

ಹಾಂ, ಇಂಥ ಮಕ್ಕಳಿಗೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ನಿರಾಮಯ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಬಿಲ್ಲಿಗೂ ಒಂದಿಷ್ಟು ಸಿಗುತ್ತದೆ. ನನಗೆ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಕ್ಲಿನಿಕ್ಕಿಗೆ ಈಗ ಮೂರು ತಿಂಗಳಿಗೊಮ್ಮೆ, ಸ್ಪ್ಲಿಂಟ್ ಅಳತೆ ನೋಡಿಸೋಕೆ ಅಷ್ಟೇ. ಹುಡುಗ ಉದ್ದ ಆಗಿದ್ದಾನೆ. ಹೋದ ವಾರ ಬೆಂಚಿನ ಕೆಳಗಿನ ಒಂದು ಕಲ್ಲು ತೆಗೆದೆವು.