ಸಣ್ಣ ಟ್ರೆಕ್ಕಿಂಗ್‌ಗೆ ಗೋಕರ್ಣವೋ, ಆನೆಗೊಂದಿಯೋ, ಸಂಡೂರೋ?

ಮಳೆಗಾಲ ಮುಗಿಯುತ್ತಾ ಬಂತು ಅಂದರೆ ಬಳ್ಳಾರಿಯ ಗೆಳೆಯರ ಗುಂಪುಗಳಲ್ಲಿ ಒಂದೇ ಮಾತು. ಗೋಕರ್ಣಕ್ಕೆ ಹೋಗೋಣ, ಬೀಚ್ ಟ್ರೆಕ್ ಮಾಡೋಣ. ಸಮುದ್ರದ ಪಕ್ಕ ಕಾಡಿನ ದಾರಿ ಅಂದರೆ ಬಯಲುಸೀಮೆಯ ನಮಗೆ ಆಸೆ ಆಗುವುದು ಸಹಜ. ನನಗೂ ಆ ದಾರಿ ಇಷ್ಟ. ಆದರೆ ಗೋಕರ್ಣ, ಆನೆಗೊಂದಿ, ಸಂಡೂರು ಮೂರೂ ಕಡೆ ಮನೆಮಂದಿ ಜೊತೆ ನಡೆದ ಮೇಲೆ, ಅರ್ಧ ದಿನದ ನಡಿಗೆಗೆ ನನ್ನ ಓಟು ಸಂಡೂರಿಗೆ. ಮೂರು ಕಡೆಯೂ ನಾನು ಮೊದಲು ವಿಚಾರಿಸುವುದು ನೀರನ್ನು. ಸಮುದ್ರ ಏರಿದೆಯಾ, ಡ್ಯಾಮಿನಿಂದ ನೀರು ಬಿಟ್ಟಿದ್ದಾರಾ, ಹಳ್ಳ ಹರಿಯುತ್ತಿದೆಯಾ? ಎಷ್ಟು ದೂರ ನಡೆಯಬೇಕು ಅನ್ನುವ ಪ್ರಶ್ನೆ ಆಮೇಲೆ.

ಗೋಕರ್ಣದಿಂದ ಶುರು ಮಾಡುತ್ತೇನೆ. ಬಳ್ಳಾರಿಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು ಅಂಕೋಲಾ ಸೇರಬೇಕು. ಹಿಂದೆ ಇದೆಲ್ಲ ಒಂದೇ ರಸ್ತೆ, ರಾಷ್ಟ್ರೀಯ ಹೆದ್ದಾರಿ 63. ಈಗ ಹುಬ್ಬಳ್ಳಿವರೆಗೆ 67, ಅಲ್ಲಿಂದ ಮುಂದೆ 52. ಒಟ್ಟು 350 ಕಿ.ಮೀ. ದಾಟುತ್ತದೆ. ಎರಡು ಮೂರು ತಾಸಿನ ನಡಿಗೆಗೆ ಇಷ್ಟು ದೂರ ಹೋಗಿ ಬರಲು ಒಂದು ಭಾನುವಾರ ಸಾಲುವುದಿಲ್ಲ. ಎರಡು ರಾತ್ರಿಯಾದರೂ ಬೇಕು.

ನಡಿಗೆ ಮಾತ್ರ ಚೆಂದ. ಕುಡ್ಲೆಯಿಂದ ಓಂ ಬೀಚ್, ಅಲ್ಲಿಂದ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ನಡುನಡುವೆ ಗುಡ್ಡ ಹತ್ತಿ ಇಳಿಯಬೇಕು. ಮೇಲೆ ಜಂಬಿಟ್ಟಿಗೆ ಕಲ್ಲಿನ ಬಟಾಬಯಲು, ಇಳಿಜಾರಿನಲ್ಲಿ ಮರಗಳ ನೆರಳು, ಕೆಳಗೆ ಬಂಡೆಗೆ ಅಪ್ಪಳಿಸುವ ಅಲೆ. ಓಂ ಬೀಚ್‌ವರೆಗೆ ಗಾಡಿ ಹೋಗುತ್ತದೆ. ಆಮೇಲಿನದು ಕಾಲುದಾರಿ, ಇಲ್ಲವೇ ದೋಣಿ. ವಾಪಸ್ ಬರುವಾಗ ದೋಣಿ ಹಿಡಿದರೆ ಒಂದು ಸುತ್ತು ಮುಗಿಯುತ್ತದೆ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಆಗ ಬಂದ ದಾರಿಯಲ್ಲೇ ತಿರುಗಬೇಕು.

ನಮ್ಮ ಕಡೆಯವರಿಗೆ ಉಬ್ಬರ ಇಳಿತದ ಲೆಕ್ಕ ಅಷ್ಟಾಗಿ ಗೊತ್ತಿರುವುದಿಲ್ಲ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ನಿನ್ನೆಗಿಂತ ಇವತ್ತು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ. ಬೆಳಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ಅಲೆಯ ಕೆಳಗಿರಬಹುದು. ಹಾಗಾಗಿ ಅವತ್ತಿನ ಇಳಿತದ ಹೊತ್ತು ಯಾವುದು ಅಂತ ಮೀನುಗಾರರನ್ನು ಕೇಳಿಯೇ ಹೊರಡಿ. ಇನ್ನೊಂದು ವಿಷಯ ಬೆವರು. ಬಳ್ಳಾರಿ ಬಿಸಿಲಿನಲ್ಲಿ ಬೆವರು ಬೇಗ ಒಣಗುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಒಣಗುವುದೇ ಇಲ್ಲ. ನಲವತ್ತು ಡಿಗ್ರಿ ತಡೆಯುವ ನಮ್ಮ ಜನ ಅಲ್ಲಿ ಮೂವತ್ತೆರಡಕ್ಕೇ ಸುಸ್ತಾಗುತ್ತಾರೆ. ನೀರಿನ ಜೊತೆ ಚೂರು ಉಪ್ಪು, ಸಕ್ಕರೆ, ನಿಂಬೆಹಣ್ಣು ಇಟ್ಟುಕೊಳ್ಳಿ.

ಆನೆಗೊಂದಿ ಇದಕ್ಕೆ ಪೂರ್ತಿ ಬೇರೆ. ಮೂರರಲ್ಲಿ ಹೊರಟ ಜಾಗಕ್ಕೇ ದೋಣಿಯಿಲ್ಲದೆ, ನಡೆದೇ ಸಲೀಸಾಗಿ ಸುತ್ತಿ ಬರಬಹುದಾದ ದಾರಿ ಇದೊಂದೇ. ಊರೊಳಗಿನ ಗಗನ ಮಹಲ್, ರಂಗನಾಥನ ಗುಡಿ ನೋಡಿಕೊಂಡು, ಗದ್ದೆ ಬದಿಯಲ್ಲಿ ತುಂಗಭದ್ರೆಯ ದಂಡೆಗೆ ಇಳಿದು, 64 ಕಂಬದ ಮಂಟಪ, ಚಿಂತಾಮಣಿ ಗುಡಿ ಮುಗಿಸಿ ಊರಿಗೆ ವಾಪಸ್. ಏರು ಕಡಿಮೆ, ಹಿರಿಯರೂ ನಡೆಯುತ್ತಾರೆ. ಮೊಣಕಾಲು ನೋವಿನ ನಮ್ಮ ದೊಡ್ಡವ್ವ ಇಲ್ಲಿ ನಮಗಿಂತ ಮುಂದಿದ್ದರು. ಹತ್ತಿರದ ಅಂಜನಾದ್ರಿ ಹನುಮನ ಬೆಟ್ಟದ 575 ಮೆಟ್ಟಿಲನ್ನೂ ಅದೇ ದಿನ ಹತ್ತಬೇಕು ಅಂತಿದ್ದರೆ ಬೆಳಗ್ಗೆ ಮೊದಲು ಅದನ್ನೇ ಮುಗಿಸಿ. ಶನಿವಾರ ಮತ್ತು ಹನುಮಮಾಲೆಯ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಇಲ್ಲಿ ಉಬ್ಬರದ ಬದಲು ಡ್ಯಾಮ್. ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿಗೆ 33 ಗೇಟು. ಜುಲೈ, ಆಗಸ್ಟ್‌ನಲ್ಲಿ ಅವನ್ನು ಎತ್ತಿದರೆ ಕಂಬದ ಮಂಟಪ ಮುಳುಗುತ್ತದೆ, ಹೊಳೆ ನಡುಗಡ್ಡೆಯ ನವವೃಂದಾವನಕ್ಕೆ ಹೋಗುವ ದೋಣಿ ನಿಲ್ಲುತ್ತದೆ. ಹೊಳೆ ಜೋರಾದರೆ ಬಳ್ಳಾರಿಯಿಂದ ಗಂಗಾವತಿಗೆ ಹೋಗುವ ಕಂಪ್ಲಿ ಸೇತುವೆಯೂ ಬಂದ್. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಡಿದಾಗ ಎಷ್ಟು ನೀರು ಹೋಯಿತು ಅಂತ ಈ ಭಾಗದ ರೈತರಿಗೆ ಚೆನ್ನಾಗಿ ನೆನಪಿದೆ. ಪೇಪರಿನಲ್ಲಿ ಬರುವ ಹೊರಹರಿವಿನ ಅಂಕಿ ನೋಡದೆ ಆ ತಿಂಗಳುಗಳಲ್ಲಿ ದಂಡೆಗೆ ಹೋಗಬೇಡಿ.

ನೆರಳು ಕಡಿಮೆ ಅನ್ನುವುದೇ ಆನೆಗೊಂದಿಯ ದೊಡ್ಡ ಕೊರತೆ. ಶಿವರಾತ್ರಿ ಕಳೆದ ಮೇಲೆ ಕಲ್ಲುಬಂಡೆ ಹಗಲೆಲ್ಲ ಕಾದು ಸಂಜೆಯಾದರೂ ಬಿಸಿ ಕಾರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಸೊಗಸು. ಸೂರ್ಯಾಸ್ತಕ್ಕಾಗಿ ಗುಡ್ಡದ ಮೇಲೆ ತಡಮಾಡುವವರಿಗೆ ಒಂದು ಮಾತು: ಆ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಬೆಳಕಿರುವಾಗಲೇ ಇಳಿಯಿರಿ.

ಇನ್ನು ಸಂಡೂರು. ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಬೆಳಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಊರಲ್ಲಿರುತ್ತೀರಿ. ಒಗ್ಗರಣಿ ಮಿರ್ಚಿ ತಿಂದು ಸ್ವಾಮಿಮಲೆ ಬೆಟ್ಟದ ಕಡೆ ತಿರುಗಿದರೆ ಗಾಳಿಯೇ ಬದಲಾಗುತ್ತದೆ. ಬಳ್ಳಾರಿ ಇರುವುದು 500 ಮೀಟರ್‌ಗೂ ಕಡಿಮೆ ಎತ್ತರದಲ್ಲಿ, ಈ ಬೆಟ್ಟಸಾಲು ಸಾವಿರ ಮೀಟರಿನ ಆಸುಪಾಸು. ಅಷ್ಟು ಏರಿದರೆ ಮೂರು ಡಿಗ್ರಿಯಾದರೂ ತಂಪು. ಮಳೆ ಮೋಡ ಬೆಟ್ಟಕ್ಕೆ ತಾಕಿ ಕೆಳಗಿಳಿದು ಬರುತ್ತದೆ. ಬ್ರಿಟಿಷರು ಬಳ್ಳಾರಿ ದಂಡಿನ ಸೈನಿಕರ ಆರೈಕೆಗೆ ಇದೇ ಸಾಲಿನ ರಾಮನದುರ್ಗವನ್ನು ಆರಿಸಿಕೊಂಡಿದ್ದು ಈ ತಂಪಿಗಾಗಿಯೇ.

ಸ್ವಾಮಿಮಲೆಯ ಕುಮಾರಸ್ವಾಮಿ, ಪಾರ್ವತಿ ಗುಡಿಗಳು ಸಾವಿರ ವರ್ಷಕ್ಕೂ ಹಳೆಯವು. 1932ರಲ್ಲೇ ಸಂಡೂರು ಸಂಸ್ಥಾನ ಇಲ್ಲಿನ ಬಾಗಿಲನ್ನು ಎಲ್ಲ ಜಾತಿಯವರಿಗೂ ತೆರೆದಿತ್ತು. ಗುಡಿಯ ಹತ್ತಿರ ಗಾಡಿ ಬಿಟ್ಟು ಹರಿಶಂಕರ ತೀರ್ಥದ ಕಡೆ ನಡೆಯಿರಿ. ಸೆಪ್ಟೆಂಬರ್‌ನಲ್ಲಿ ಕೆಂಪು ಮಣ್ಣಿನ ಮೇಲೆ ಎದೆಮಟ್ಟ ಹುಲ್ಲು, ದಿಂಡಿಗ, ಬಿದಿರು, ತೇಗ. ತಲೆಯ ಮೇಲೆ ನೆರಳು, ಪಕ್ಕದಲ್ಲಿ ನೀರಿನ ಸದ್ದು. ಗೋಕರ್ಣದ ಬಯಲಿನಲ್ಲೂ ಆನೆಗೊಂದಿಯ ಬಂಡೆಯಲ್ಲೂ ಸಿಗದ ಸುಖ ಇದು. ಹಕ್ಕಿ ನೋಡುವವರಿಗೆ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಹಕ್ಕಿ. ಊರ ಹತ್ತಿರ ಉಳಿದವರು ನಾರಿಹಳ್ಳದ ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಬಹುದು.

ತೊಂದರೆಯೂ ಇದೆ. ಗುರುತಿನ ಫಲಕ ನಂಬಿಕೊಂಡು ಒಳಗೆ ಹೋಗುವ ಕಾಡಲ್ಲ. ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಅದಿರು ಲಾರಿಗಳ ಧೂಳು ರಸ್ತೆಯಲ್ಲಿ ಕಣ್ಣು ಬಿಡಲು ಬಿಡುವುದಿಲ್ಲ, ಆದ್ದರಿಂದ ನಸುಕಿನಲ್ಲೇ ಹೊರಡಿ. ಎದುರಿನ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗಣಿ ಕಾಣುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಾವೆಲ್ಲ ಸುದ್ದಿಯಲ್ಲಿ ನೋಡಿದ ಬೆಟ್ಟಗಳು ಇವೇ. ನಮ್ಮ ಮಕ್ಕಳು ಈ ಕಾಡನ್ನು ಕಾಲಿನಿಂದ ತಿಳಿದಿರಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಸಂಡೂರನ್ನು ಮೊದಲಿಗೆ ಇಡಲು ಅದೂ ಒಂದು ಕಾರಣ.

ಸಮುದ್ರವನ್ನೇ ನೋಡದ ಮಕ್ಕಳಿದ್ದರೆ ಬೇರೆ ಯೋಚನೆ ಬೇಡ, ಡಿಸೆಂಬರ್ ರಜೆಯಲ್ಲಿ ಗೋಕರ್ಣಕ್ಕೆ ಹೋಗಿ. ವಯಸ್ಸಾದವರಿದ್ದರೆ, ಚಳಿಗಾಲವಾದರೆ ಆನೆಗೊಂದಿ. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗಿನ ಯಾವ ಭಾನುವಾರಕ್ಕಾದರೂ ಸಂಡೂರು. ಗುಡಿಯಿಂದಾಚೆ ಕಾಡೊಳಗೆ ಹೋಗುವುದಾದರೆ ಮುಂಚೆಯೇ ಸಂಡೂರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿ ಒಪ್ಪಿಗೆ ಪಡೆಯಿರಿ, ದಾರಿ ಬಲ್ಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತಲೆಗೆ ಎರಡು ಲೀಟರ್ ನೀರು, ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕು. ಮಧ್ಯಾಹ್ನ ಮೂರರೊಳಗೆ ಗಾಡಿ ಹತ್ತಿರ ಇರಬೇಕು.