ಲಿನಕ್ಸ್ ಡೆಸ್ಕ್‌ಟಾಪ್‌ಗೆ ವೈಫೈ: ಎರಡು ಡಾಂಗಲ್, ಒಂದು ಕಾರ್ಡ್

ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚಲು ಅಂಜಿಕೆ ಇಲ್ಲದಿದ್ದರೆ ಇಂಟೆಲ್ ಎಎಕ್ಸ್210 ಕೂರಿಸಿದ ಪಿಸಿಐಇ ಕಾರ್ಡ್ (ಮದರ್‌ಬೋರ್ಡ್‌ನ ಸ್ಲಾಟ್‌ಗೆ ಸಿಕ್ಕಿಸುವಂಥದ್ದು) ಹಾಕಿಕೊಳ್ಳಿ. ಬಿಚ್ಚುವ ಗೋಜೇ ಬೇಡ ಎನ್ನುವವರಿಗೆ ಮೀಡಿಯಾಟೆಕ್ ಚಿಪ್ ಇರುವ ಯುಎಸ್‌ಬಿ ಡಾಂಗಲ್. ಉಗುರಿನಷ್ಟು ಪುಟ್ಟದಾಗಿ, ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವ ಡಾಂಗಲ್ ಮೂರನೆಯದು, ಅದೂ ಬಹಳ ಹಿಂದೆ ಉಳಿಯುವ ಮೂರನೆಯದು. ಮೂರನ್ನೂ ಒಂದೇ ಡೆಸ್ಕ್‌ಟಾಪ್‌ನಲ್ಲಿ, ಒಂದೇ ರೂಟರ್‌ನ ಜೊತೆ ಬಳಸಿ ನೋಡಿ ಹೇಳುತ್ತಿರುವ ಮಾತಿದು. ವೇಗದ ಅಂಕಿಗಳು ಡಬ್ಬಿಯ ಮೇಲೇ ಇರುತ್ತವೆ, ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ನೋಡುವುದು ಒಂದೇ: ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಮಾಡಿ ರೀಬೂಟ್ ಆದ ಮೇಲೂ ನೆಟ್ ಇರುತ್ತದೋ ಇಲ್ಲವೋ.

ಕೊಳ್ಳುವಾಗ ಕಂಪನಿಯ ಹೆಸರು ನೋಡಿ ಉಪಯೋಗವಿಲ್ಲ, ಒಳಗಿನ ಚಿಪ್ ಯಾವುದೆಂದು ನೋಡಬೇಕು. ಒಂದೇ ಮಾಡೆಲ್ ನಂಬರಿನ ಡಾಂಗಲ್ ಮೊದಲ ಆವೃತ್ತಿಯಲ್ಲಿ ಒಂದು ಚಿಪ್, ಎರಡನೆಯದರಲ್ಲಿ ಇನ್ನೊಂದು ಚಿಪ್ ಇಟ್ಟುಕೊಂಡು ಬರುವುದುಂಟು; ಡಬ್ಬಿ ಮಾತ್ರ ಬದಲಾಗಿರುವುದಿಲ್ಲ. ಕೈಗೆ ಬಂದ ಮೇಲೆ ನಿಜ ಹೇಳುವುದು ಟರ್ಮಿನಲ್ಲೇ. ಡಾಂಗಲ್ ಆದರೆ ಎಲ್‌ಎಸ್‌ಯುಎಸ್‌ಬಿ ಆಜ್ಞೆ ಕೊಟ್ಟು ಬರುವ ನಾಲ್ಕು ಅಂಕೆ, ಕೋಲನ್, ಮತ್ತೆ ನಾಲ್ಕು ಅಂಕೆಯ ಐಡಿ ಬರೆದುಕೊಳ್ಳಿ. ಕಾರ್ಡ್ ಆದರೆ ಎಲ್‌ಎಸ್‌ಪಿಸಿಐಗೆ -ಎನ್‌ಎನ್‌ಕೆ ಸೇರಿಸಿ ಕೊಡಿ. ಯಾವ ಡ್ರೈವರ್ (ಕರ್ನಲ್‌ಗೂ ಚಿಪ್‌ಗೂ ನಡುವಿನ ತಂತ್ರಾಂಶ) ಅದನ್ನು ಹಿಡಿದುಕೊಂಡಿದೆ ಎಂಬುದೂ ಅಲ್ಲೇ ಕಾಣುತ್ತದೆ. ಡ್ರೈವರ್ ಇದೆ, ಆದರೂ ವೈಫೈ ಏಳುತ್ತಿಲ್ಲ ಎಂದಾದರೆ ಡಿಮೆಸ್ಗ್‌ನಲ್ಲಿ, ಅಂದರೆ ಕರ್ನಲ್‌ನ ಸಂದೇಶಗಳ ಪಟ್ಟಿಯಲ್ಲಿ, ‘ಫರ್ಮ್‌ವೇರ್’ (ಚಿಪ್‌ನ ಒಳಗೇ ಓಡುವ ತಂತ್ರಾಂಶ) ಎಂದು ಹುಡುಕಿ. ಯಾವ ಹೆಸರಿನ ಫೈಲ್ ಸಿಗಲಿಲ್ಲ ಎಂದು ಕರ್ನಲ್ಲೇ ಬರೆದಿಟ್ಟಿರುತ್ತದೆ.

ಈಗ ಅಗ್ಗದ ಡಾಂಗಲ್. ಇವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ರಿಯಲ್‌ಟೆಕ್‌ನ ಆರ್‌ಟಿಎಲ್ 8811, 8812, 8821 ಸಾಲಿನ ಚಿಪ್. ಸಿಕ್ಕಿಸಿದ ಕೂಡಲೇ ಎಷ್ಟೋ ಡಾಂಗಲ್‌ಗಳು ವೈಫೈ ಆಗಿ ಕಾಣುವುದೇ ಇಲ್ಲ, ಸಿಡಿ ಡ್ರೈವ್ ಆಗಿ ಕಾಣುತ್ತವೆ. ವಿಂಡೋಸ್‌ನ ಡ್ರೈವರನ್ನು ಒಳಗೇ ತುಂಬಿ ಕಳಿಸಿರುವುದರಿಂದ ಈ ವೇಷ. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಎಂದು ಕಂಡರೆ ಅದು ಇನ್ನೂ ಸಿಡಿ ವೇಷದಲ್ಲೇ ಇದೆ ಎಂದರ್ಥ. ಯುಎಸ್‌ಬಿ ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಆ ಐಡಿಯ ಎರಡು ಭಾಗಗಳನ್ನು -ವಿ ಮತ್ತು -ಪಿ ಮುಂದೆ ಕೊಟ್ಟು, ಜೊತೆಗೆ ದೊಡ್ಡಕ್ಷರದ -ಕೆ ಸೇರಿಸಿದರೆ ‘ಸಿಡಿ’ ಹೊರಬಿದ್ದು ಬೇರೆ ಐಡಿಯೊಂದಿಗೆ ವೈಫೈ ಎದ್ದು ಬರುತ್ತದೆ. ಇಷ್ಟೇ ಆಗಿದ್ದರೆ ಈ ಡಾಂಗಲ್ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ.

ತಕರಾರು ಇರುವುದು ಡ್ರೈವರ್ ವಿಷಯದಲ್ಲಿ. ಈ ಚಿಪ್‌ಗಳಲ್ಲಿ ಹಲವಕ್ಕೆ ಬಹುಕಾಲ ಕರ್ನಲ್‌ನ ಒಳಗೆ ಡ್ರೈವರ್ ಇರಲಿಲ್ಲ. ಹೊರಗಿನಿಂದ ಸೋರ್ಸ್ ಕೋಡ್ ತಂದು ಡಿಕೆಎಂಎಸ್ ಎಂಬ ಸಾಧನಕ್ಕೆ ಒಪ್ಪಿಸಬೇಕು. ಹೊಸ ಕರ್ನಲ್ ಬಂದಾಗಲೆಲ್ಲ ಅದು ತಾನಾಗಿ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ ಎಂಬುದು ಲೆಕ್ಕ. ಈ ಲೆಕ್ಕ ತಪ್ಪುವುದಕ್ಕೆ ದಾರಿಗಳು ಹಲವು.

ಮೊದಲನೆಯದು ಹೆಡರ್, ಅಂದರೆ ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕರ್ನಲ್‌ನ ಫೈಲ್‌ಗಳು. ಈಗ ಓಡುತ್ತಿರುವ ಕರ್ನಲ್‌ನ ಹೆಡರ್ ಮಾತ್ರ ಹಾಕಿ ಬಿಟ್ಟಿದ್ದರೆ ಇವತ್ತು ಕೆಲಸ ಆಗುತ್ತದೆ, ಮುಂದಿನ ಕರ್ನಲ್‌ಗೆ ಹೆಡರ್ ಇರುವುದಿಲ್ಲ, ಕಂಪೈಲ್ ಆಗುವುದಿಲ್ಲ. ಉಬುಂಟುವಿನಲ್ಲಿ ಲಿನಕ್ಸ್-ಹೆಡರ್ಸ್-ಜೆನೆರಿಕ್, ಆರ್ಚ್‌ನಲ್ಲಿ ಲಿನಕ್ಸ್-ಹೆಡರ್ಸ್ ಹಾಕಿಡಿ, ಆಗ ಕರ್ನಲ್ ಬಂದಾಗ ಹೆಡರೂ ಬೆನ್ನಿಗೇ ಬರುತ್ತದೆ. ರೀಬೂಟ್ ಮಾಡುವ ಮುಂಚೆ ಡಿಕೆಎಂಎಸ್ ಸ್ಟೇಟಸ್ ಕೊಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಕರ್ನಲ್‌ನ ಸಾಲಿನ ಮುಂದೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಹಳೆಯ ಕರ್ನಲ್‌ನ ಸಾಲು ಮಾತ್ರ ಇದ್ದರೆ ರೀಬೂಟ್ ಮಾಡಬೇಡಿ.

ಎರಡನೆಯದು ಕಂಪೈಲ್ ಮಧ್ಯದಲ್ಲೇ ಮುರಿದು ಬೀಳುವುದು. ಕರ್ನಲ್‌ನ ಒಳಗಿನ ಫಂಕ್ಷನ್‌ಗಳ ಹೆಸರು ಬದಲಾಗುತ್ತಲೇ ಇರುತ್ತವೆ. 6.15ರಲ್ಲಿ ಹಳೆಯ ಡೆಲ್_ಟೈಮರ್_ಸಿಂಕ್ ಹೋಗಿ ಟೈಮರ್_ಡಿಲೀಟ್_ಸಿಂಕ್ ಮಾತ್ರ ಉಳಿಯಿತು. ಕರ್ನಲ್‌ನ ಒಳಗಿದ್ದ ಡ್ರೈವರ್‌ಗಳಲ್ಲಿ ಹೆಸರು ಬದಲಿಸಿದವರೇ ತಿದ್ದಿಕೊಟ್ಟರು. ಹೊರಗಿದ್ದವುಗಳನ್ನು ಯಾರಾದರೂ ತಿದ್ದುವವರೆಗೆ ಕಾಯಬೇಕು. ಕೆಲವೊಮ್ಮೆ ತಪ್ಪು ಡ್ರೈವರ್‌ನದೂ ಆಗಿರುವುದಿಲ್ಲ. ಉಬುಂಟು 22.04ಕ್ಕೆ 6.5ರ ಕರ್ನಲ್ ಬಂದಾಗ ಅದನ್ನು ಕಟ್ಟಿದ್ದು ಜಿಸಿಸಿ ಕಂಪೈಲರ್‌ನ 12ನೇ ಆವೃತ್ತಿಯಲ್ಲಿ, ಆದರೆ ಸಿಸ್ಟಮ್‌ನಲ್ಲಿ ಮೊದಲಿಂದ ಇದ್ದದ್ದು ಜಿಸಿಸಿ 11. ‘ಟ್ರಿವಿಯಲ್-ಆಟೋ-ವಾರ್-ಇನಿಟ್’ ಎಂಬ ಆಯ್ಕೆ ಗೊತ್ತಿಲ್ಲ ಎಂದು ಕಂಪೈಲರ್ ಕೈಚೆಲ್ಲಿ ಕೂರುತ್ತದೆ. ಜಿಸಿಸಿ-12 ಪ್ಯಾಕೇಜ್ ಹಾಕಿದರೆ ಎರಡೇ ನಿಮಿಷದ ಕೆಲಸ, ಆದರೆ ಅದು ಗೊತ್ತಾಗಬೇಕಾದರೆ ವಾರ್, ಲಿಬ್, ಡಿಕೆಎಂಎಸ್ ಫೋಲ್ಡರುಗಳೊಳಗೆ ಡ್ರೈವರ್‌ನ ಹೆಸರಿನಡಿ ಇರುವ ಮೇಕ್.ಲಾಗ್ ಫೈಲನ್ನು ತೆರೆದು ಓದಬೇಕು. ಕೊನೆಯ ಸಾಲು ಓದಿ ಪ್ರಯೋಜನವಿಲ್ಲ, ‘ಎರರ್’ ಎಂದು ಮೊಟ್ಟಮೊದಲು ಬರುವ ಸಾಲನ್ನು ಓದಿ. ಅದರ ಕೆಳಗಿನವೆಲ್ಲ ಅದರ ಮರಿಗಳು.

ಇನ್ನೊಂದು ಸೆಕ್ಯೂರ್ ಬೂಟ್, ಅಂದರೆ ಒಪ್ಪಿಗೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ. ಡ್ರೈವರ್ ಚೆನ್ನಾಗಿಯೇ ಕಂಪೈಲ್ ಆಗಿದ್ದರೂ ಅದನ್ನು ಕರ್ನಲ್‌ಗೆ ಸೇರಿಸಲು ಮಾಡ್‌ಪ್ರೋಬ್ ಕೊಟ್ಟಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ, ಮಾಡ್ಯೂಲ್‌ಗೆ (ಕಂಪೈಲ್ ಆದ ಡ್ರೈವರ್ ಫೈಲ್‌ಗೆ) ಹಾಕಿದ ಸಹಿಯನ್ನು ಕರ್ನಲ್ ಒಪ್ಪುತ್ತಿಲ್ಲ ಎಂದರ್ಥ. ಮೋಕ್‌ಯುಟಿಲ್‌ನ ಇಂಪೋರ್ಟ್ ಆಯ್ಕೆಗೆ ಡಿಕೆಎಂಎಸ್‌ನ ಸಾರ್ವಜನಿಕ ಕೀ ಕೊಡಿ, ಒಂದು ತಾತ್ಕಾಲಿಕ ಪಾಸ್‌ವರ್ಡ್ ಇಡಿ, ರೀಬೂಟ್ ಮಾಡಿ. ಆಗ ನೀಲಿ ಪರದೆ ಬರುತ್ತದೆ. ಅದು ಕೆಲವೇ ಸೆಕೆಂಡು ಕಾದು, ಯಾವ ಕೀಲಿಯನ್ನೂ ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಆ ಹೊತ್ತಿಗೆ ನೀವು ಕಾಫಿ ತರಲು ಎದ್ದಿದ್ದರೆ ಮೋಕ್‌ಯುಟಿಲ್‌ನಿಂದ ಮತ್ತೆ ಶುರು. ಆ ಪರದೆಯಲ್ಲಿ ‘ಎನ್‌ರೋಲ್ ಮೋಕ್’ ಆಯ್ದುಕೊಂಡು ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆಗೆ ನಿಮ್ಮ ಕೀಬೋರ್ಡ್ ಲೇಔಟ್ ಗೊತ್ತಿರುವುದಿಲ್ಲ, ಹಾಗಾಗಿ ಪಾಸ್‌ವರ್ಡ್‌ನಲ್ಲಿ ಚಿಹ್ನೆಗಳು ಬೇಡ, ಸಣ್ಣಕ್ಷರ ಸಾಕು. ಬ್ಲೂಟೂತ್ ಕೀಬೋರ್ಡ್ ಅಲ್ಲಿ ನಡೆಯುವುದಿಲ್ಲ, ವೈರಿನದನ್ನು ಸಿಕ್ಕಿಸಿಟ್ಟುಕೊಳ್ಳಿ.

ಇದೆಲ್ಲಕ್ಕೂ ಕಿರೀಟವಿಟ್ಟಂತೆ, ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಇದಕ್ಕೆ ಸುಲಭದ ಉಪಾಯ ಆಂಡ್ರಾಯ್ಡ್ ಫೋನ್: ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ಸಾದಾ ಈಥರ್ನೆಟ್‌ನಂತೆ ಕಾಣುತ್ತದೆ, ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ. ಫೋನ್ ಸ್ವತಃ ವೈಫೈನಲ್ಲಿದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ.

ಒಂದು ಮಾತು ಇದರ ಪರವಾಗಿಯೂ ಹೇಳಬೇಕು. ಕರ್ನಲ್ 6.2ರಿಂದ ರಿಯಲ್‌ಟೆಕ್ ಚಿಪ್‌ಗಳ ಆರ್‌ಟಿಡಬ್ಲ್ಯೂ88 ಡ್ರೈವರ್‌ಗೆ ಯುಎಸ್‌ಬಿ ಬೆಂಬಲ ಬಂದು 8821ಸಿಯು, 8822ಬಿಯು ಚಿಪ್‌ಗಳು ಒಳಗೆ ಸೇರಿದವು, 6.14ರಲ್ಲಿ 8812ಎಯು, 8821ಎಯು ಸೇರಿದವು. ಅಷ್ಟು ಹೊಸ ಕರ್ನಲ್ ನಿಮ್ಮಲ್ಲಿದ್ದರೆ ಮೇಲಿನ ಗೋಳು ಬಹುಪಾಲು ಇಲ್ಲ. ಆದರೆ ಹಳೆಯ ಡಿಕೆಎಂಎಸ್ ಡ್ರೈವರನ್ನು ತೆಗೆಯದೆ ಬಿಟ್ಟಿದ್ದರೆ ಒಂದೇ ಡಾಂಗಲ್‌ಗೆ ಇಬ್ಬರು ಯಜಮಾನರಾಗಿ, ಯಾರು ಮೊದಲು ಹಿಡಿದರು ಎಂಬುದರ ಮೇಲೆ ದಿನಕ್ಕೊಂದು ಫಲ. ಹಳೆಯದನ್ನು ಡಿಕೆಎಂಎಸ್‌ನಿಂದ ಕಿತ್ತುಹಾಕಿ, ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಅದು ಬಿಟ್ಟುಹೋದ ಬ್ಲ್ಯಾಕ್‌ಲಿಸ್ಟ್ ಫೈಲನ್ನೂ ಅಳಿಸಿ. ಈ ಫೈಲನ್ನು ಮರೆಯುವವರೇ ಹೆಚ್ಚು. ಒಳಗಿನ ಡ್ರೈವರನ್ನು ಬರದಂತೆ ತಡೆದು ಹಿಡಿದಿರುವುದು ಅದೇ.

ಮೀಡಿಯಾಟೆಕ್ ಡಾಂಗಲ್‌ನ ಕಥೆ ಚಿಕ್ಕದು. ಎಂಟಿ7610ಯು, ಎಂಟಿ7612ಯು ಚಿಪ್‌ಗಳ ಡ್ರೈವರ್ 4.19ರಿಂದ, ವೈಫೈ 6ರ ಎಂಟಿ7921ಎಯುದು 5.18ರಿಂದ ಕರ್ನಲ್‌ನಲ್ಲೇ ಇದೆ. ಫರ್ಮ್‌ವೇರ್ ಇದ್ದರೆ ಸಾಕು, ಸಿಕ್ಕಿಸಿ ಬಳಸುವುದಷ್ಟೇ. ಸೆಕ್ಯೂರ್ ಬೂಟ್ ಇದರ ತಂಟೆಗೆ ಬರುವುದಿಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದಾಗಲೂ ನೆಟ್ ಇರುತ್ತದೆ. ಕೆಟ್ಟ ಸಿಸ್ಟಮ್ ರಿಪೇರಿ ಮಾಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಡೆಸ್ಕ್‌ಟಾಪನ್ನೇ ಹಾಟ್‌ಸ್ಪಾಟ್ ಮಾಡಬೇಕೆಂದರೆ ಮೂರರಲ್ಲಿ ಇದೇ ಮೇಲು.

ಇದಕ್ಕೆ ತೊಂದರೆ ಬರುವುದು ಪಕ್ಕದ ಪೋರ್ಟ್‌ನಿಂದ. ಯುಎಸ್‌ಬಿ 3.0 ಓಡುವಾಗ ಹೊರಸೂಸುವ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್‌ನ ಆಸುಪಾಸಿಗೇ ಬೀಳುತ್ತದೆ. ಇದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿತ್ತು. ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಓಡುತ್ತಿರುವಾಗಲೇ ವೈಫೈ ಕುಂಟಿದರೆ, ನಿಸ್ತಂತು ಮೌಸ್ ಕೂಡ ತಡವರಿಸಿದರೆ, ಡ್ರೈವರನ್ನು ದೂರಬೇಡಿ. ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲಕ್ಕೆ ತನ್ನಿ, ಇಲ್ಲವೇ 5 ಗಿಗಾಹರ್ಟ್ಸ್‌ಗೆ ಹೋಗಿ. ಹೀಗೆ ಮಾಡಿಯೂ ಎಂಟಿ7612ಯು ಆಗಾಗ ನಿಂತುಹೋಗುತ್ತಿದ್ದರೆ ಎಂಟಿ76_ಯುಎಸ್‌ಬಿ ಮಾಡ್ಯೂಲ್‌ಗೆ ಡಿಸೇಬಲ್_ಯುಎಸ್‌ಬಿ_ಎಸ್‌ಜಿ=1 ಆಯ್ಕೆ ಕೊಟ್ಟು ನೋಡಿ.

ಕಾರ್ಡ್‌ಗೆ ಬರೋಣ. ಎಎಕ್ಸ್200ಕ್ಕೆ 5.1, ಎಎಕ್ಸ್210ಕ್ಕೆ 5.10 ಕರ್ನಲ್ ಸಾಕು. ಡೆಬಿಯನ್‌ನಲ್ಲಾದರೆ ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ ಪ್ಯಾಕೇಜ್ ಬೇಕು. ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಬರುತ್ತದೆ. ಕೊಳ್ಳುವಾಗ ಎಎಕ್ಸ್201, ಎಎಕ್ಸ್211 ಮಾತ್ರ ತಗೊಳ್ಳಬೇಡಿ. ನೋಡಲು ಅದೇ ಗಾತ್ರ, ಆದರೆ ಅವುಗಳ ಅರ್ಧ ಕೆಲಸ ಇಂಟೆಲ್ ಪ್ಲಾಟ್‌ಫಾರ್ಮ್‌ನ ಒಳಗೇ ಇರುವುದರಿಂದ ಎಎಂಡಿ ಬೋರ್ಡ್‌ನಲ್ಲಾಗಲಿ ಪಿಸಿಐಇ ಅಡಾಪ್ಟರ್‌ನಲ್ಲಾಗಲಿ ಏಳುವುದೇ ಇಲ್ಲ.

ಕೂರಿಸುವಾಗ ಎರಡು ವಿಷಯ. ಕಾರ್ಡ್‌ನಲ್ಲಿ ವೈಫೈ ಹೋಗುವುದು ಪಿಸಿಐಇ ಮೂಲಕ, ಬ್ಲೂಟೂತ್ ಹೋಗುವುದು ಯುಎಸ್‌ಬಿ ಮೂಲಕ. ಜೊತೆಗೆ ಕೊಡುವ ಪುಟ್ಟ ಕೇಬಲನ್ನು ಮದರ್‌ಬೋರ್ಡ್‌ನ 9 ಪಿನ್ನಿನ ಯುಎಸ್‌ಬಿ 2.0 ಹೆಡರ್‌ಗೆ ಹಾಕದಿದ್ದರೆ ಬ್ಲೂಟೂತ್ ಇಲ್ಲವೇ ಇಲ್ಲ, ಎಷ್ಟು ಪ್ಯಾಕೇಜ್ ಹಾಕಿದರೂ ಅಷ್ಟೇ. ಎಲ್‌ಎಸ್‌ಯುಎಸ್‌ಬಿಯಲ್ಲಿ ಎಎಕ್ಸ್210ರ 8087:0032 ಐಡಿ ಕಂಡರೆ ಕೇಬಲ್ ಸರಿಯಿದೆ. ಇನ್ನೊಂದು ಆಂಟೆನಾ ತಂತಿ. ಆ ಚಿಕ್ಕ ಗುಂಡಿಗಳು ಸಾಗಾಟದಲ್ಲೇ ಕಳಚಿಕೊಳ್ಳುತ್ತವೆ. ಐಡಬ್ಲ್ಯೂ ಆಜ್ಞೆಯ ಲಿಂಕ್ ವಿವರದಲ್ಲಿ ಸಿಗ್ನಲ್ -50, -60ರ ಹತ್ತಿರ ಇರಬೇಕಾದ ಕಡೆ -80 ದಾಟಿದ್ದರೆ ತಗಡು ಬಿಚ್ಚಿ ಗುಂಡಿ ಒತ್ತಿ ನೋಡಿ, ‘ಟಿಕ್’ ಎನ್ನಬೇಕು. ಕ್ಯಾಬಿನೆಟ್ ಮೇಜಿನ ಕೆಳಗೆ ಗೋಡೆಗೆ ಬೆನ್ನು ಹಾಕಿದ್ದರೆ ಆಂಟೆನಾ ಕಬ್ಬಿಣದ ಮರೆಯಲ್ಲಿ ಕೂರುತ್ತದೆ. ತಂತಿಯಿರುವ, ಮ್ಯಾಗ್ನೆಟ್ ತಳದ ಆಂಟೆನಾ ಸಿಗುತ್ತದೆ, ಅದನ್ನು ಮೇಲೆ ಇಡಿ.

ಕಾರ್ಡ್ ಹಾಕಿದ ಮೇಲೆ ವೈರಿನ ನೆಟ್ ಸತ್ತುಹೋಯಿತು ಎಂದು ಗಾಬರಿಯಾಗುವವರಿದ್ದಾರೆ. ಹೊಸ ಕಾರ್ಡ್ ಸೇರಿದಾಗ ಪಿಸಿಐ ಬಸ್‌ನ ಸಂಖ್ಯೆಗಳು ಒಂದು ಮನೆ ಮುಂದೆ ಸರಿಯಬಹುದು. ಆಗ ನಿನ್ನೆ ಇಎನ್‌ಪಿ3ಎಸ್0 ಎಂದಿದ್ದ ಈಥರ್ನೆಟ್ ಇಂದು ಇಎನ್‌ಪಿ4ಎಸ್0 ಆಗಿರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ಗಳ ನೆಟ್‌ಪ್ಲಾನ್ ಫೈಲ್‌ನಲ್ಲಿ ಹಳೆಯ ಹೆಸರು ಬರೆದಿಟ್ಟಿದ್ದರೆ ಅದಕ್ಕೆ ಐಪಿ ಸಿಗುವುದಿಲ್ಲ. ಹೆಸರು ತಿದ್ದಿ, ಅಥವಾ ಮ್ಯಾಕ್ ವಿಳಾಸ ಹಿಡಿದು ಬರೆಯಿರಿ.

ವಿಂಡೋಸನ್ನೂ ಇಟ್ಟುಕೊಂಡವರಿಗೆ ಮಾತ್ರ: ಡಿಮೆಸ್ಗ್‌ನಲ್ಲಿ ಐಡಬ್ಲ್ಯೂಎಲ್‌ವೈಫೈ (ಇಂಟೆಲ್ ಕಾರ್ಡ್‌ನ ಡ್ರೈವರ್) ಸಾಲಿನ ಕೊನೆಗೆ ‘ಎರರ್ -110’ ಕಂಡರೆ ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ನಂತರ ಕಂಪ್ಯೂಟರ್ ಆರಿಸಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಶುರು ಮಾಡಿ. ಬರೀ ರೀಬೂಟ್‌ಗೆ ಕಾರ್ಡ್ ಎಚ್ಚರಗೊಳ್ಳುವುದಿಲ್ಲ.

ಇಂಟೆಲ್ ಕಾರ್ಡ್‌ನ ನಿಜವಾದ ಕೊರತೆ ಒಂದಿದೆ: 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಮಾಡಲು ಫರ್ಮ್‌ವೇರ್ ಬಿಡುವುದಿಲ್ಲ.

ಮೂರಕ್ಕೂ ಅನ್ವಯಿಸುವುದು: ಪಿಂಗ್ ಸಮಯ ಏರಿಳಿಯುತ್ತಿದ್ದರೆ ನೆಟ್‌ವರ್ಕ್‌ಮ್ಯಾನೇಜರ್‌ನ ವೈಫೈ.ಪವರ್‌ಸೇವ್ ಬೆಲೆ 3 ಇದ್ದದ್ದನ್ನು 2 ಮಾಡಿ. ಡೆಸ್ಕ್‌ಟಾಪ್‌ಗೆ ಬ್ಯಾಟರಿ ಉಳಿಸುವ ಚಿಂತೆ ಏಕೆ?

ನಾನು ಕರ್ನಲನ್ನು ಬಂದ ವಾರವೇ ಏರಿಸುವವನು, ಸೆಕ್ಯೂರ್ ಬೂಟ್ ಆಫ್ ಮಾಡದವನು, ಹಾಟ್‌ಸ್ಪಾಟ್ ಬೇಕಿಲ್ಲದವನು. ಹಾಗಾಗಿ ಪಿಸಿಐಇ ಕಾರ್ಡ್ ಸ್ಲಾಟ್‌ನಲ್ಲಿದೆ. ಡಾಂಗಲ್‌ಗಿಂತ ಸ್ವಲ್ಪ ಹೆಚ್ಚು ಕೊಟ್ಟದ್ದು ಮೊದಲ ಎರಡು ಅಪ್‌ಡೇಟ್‌ನಲ್ಲೇ ತೀರಿತು. ಗ್ರಾಫಿಕ್ಸ್ ಕಾರ್ಡ್ ಮೈಚಾಚಿ ಸಣ್ಣ ಸ್ಲಾಟನ್ನು ಮುಚ್ಚಿದ್ದರೆ, ಅಥವಾ ಒಂದೇ ವೈಫೈಯನ್ನು ಎರಡು ಮೂರು ಯಂತ್ರಗಳಿಗೆ ಬದಲಿಸಿ ಬಳಸುತ್ತಿದ್ದರೆ ಎಂಟಿ7612ಯು ತಗೊಳ್ಳಿ. ಅಗ್ಗದ ಡಾಂಗಲ್ ಈಗಾಗಲೇ ಕೊಂಡಾಗಿದೆಯೇ? ಎಸೆಯಬೇಡಿ, ಯುನೇಮ್ -ಆರ್ ಕೊಟ್ಟು ಕರ್ನಲ್ ಎಷ್ಟು ಹೊಸದೆಂದು ನೋಡಿ. 6.14 ದಾಟಿದ್ದರೆ ಹೊರಗಿನ ಡ್ರೈವರನ್ನು ತೆಗೆದು ಒಮ್ಮೆ ಹಾಗೇ ಸಿಕ್ಕಿಸಿ ನೋಡಿ.